ರಸೆಲ್ ಮಾರುಕಟ್ಟೆ: ಅರಸರಿಲ್ಲದ ನಮ್ಮ ಚರಿತ್ರೆ

ಬೆಂಗಳೂರಿಗೆ ಪ್ರವಾಸ ಬರುವವರಿಗೆಂದು ಸಿದ್ಧಪಡಿಸುವ ನೋಡಲೇಬೇಕಾದ ಸ್ಥಳಗಳ ಪಟ್ಟಿಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಲಾಲ್‌ಬಾಗ್, ಕಬ್ಬನ್ ಪಾರ್ಕ್, ವಿಧಾನಸೌಧ, ಬೆಂಗಳೂರು ಅರಮನೆ, ಟಿಪ್ಪು ಸುಲ್ತಾನರ ಬೇಸಿಗೆ ಅರಮನೆ. ಈಚಿನ ವರ್ಷಗಳಲ್ಲಿ ಈ ಪಟ್ಟಿಗೆ ಶಿವಾಜಿನಗರದ ರಸೆಲ್ ಮಾರುಕಟ್ಟೆಯೂ ಸೇರಿಕೊಂಡಿದೆ. ಕ್ಯಾಮೆರಾ ಹಿಡಿದ ಪರದೇಶಿಗಳು ಬೆಳಗ್ಗೆಯೇ ಅಲ್ಲಿಗೆ ಬಂದು ಹೂವಿನ ರಾಶಿ, ಹಣ್ಣಿನ ಸಾಲು, ಕಮಾನುಗಳ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಮಂಗಳೂರು, ಹಾಸನ, ದಾವಣಗೆರೆ, ಕಲಬುರಗಿಗಳಿಂದ ಬರುವ ನಮ್ಮ ಕುಟುಂಬಗಳಾದರೋ ಮದುವೆಯ ಬಟ್ಟೆಗೆಂದು ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿ, ಅಲ್ಲಿಂದ ಕೂಗಳತೆಯ ದೂರದಲ್ಲಿರುವ ಈ ಕಟ್ಟಡವನ್ನು ಕಣ್ಣೆತ್ತಿಯೂ ನೋಡದೆ ಮರಳುತ್ತವೆ. ಮಕ್ಕಳಿಗೆ ಏನಾದರೂ ಚರಿತ್ರೆ ತೋರಿಸಬೇಕೆನಿಸಿದರೆ ಟಿಪ್ಪುವಿನ ಅರಮನೆಯಂತೂ ಇದ್ದೇ ಇದೆ.

ಟಿಪ್ಪುವಿನ ಅರಮನೆಯನ್ನು ನೋಡಬಾರದೆಂದು ನಾವು ಹೇಳುತ್ತಿಲ್ಲ. ಹೈದರಲಿ 1781ರಲ್ಲಿ ಆರಂಭಿಸಿ ಟಿಪ್ಪು 1791ರಲ್ಲಿ ಪೂರ್ಣಗೊಳಿಸಿದ ಆ ತೇಗದ ಕಂಬಗಳ ಕಟ್ಟಡವೂ, ಹೈದರಲಿ 1760ರಲ್ಲಿ ಅಡಿಗಲ್ಲಿಟ್ಟ ಲಾಲ್‌ಬಾಗೂ ಖಂಡಿತವಾಗಿ ನೋಡತಕ್ಕವು. ಆದರೆ ಈ ನಗರದಲ್ಲಿ ನಮ್ಮವರ ಚರಿತ್ರೆಯೆಂದರೆ ಅಷ್ಟೇ ಎಂದು ತಿಳಿದ ಮಗುವಿನ ಮನಸ್ಸಿನಲ್ಲಿ ಆ ಚರಿತ್ರೆ 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಮುಗಿದುಹೋಗುತ್ತದೆ. ಆ ದಿನದ ನಂತರ ಲಕ್ಷಾಂತರ ಜನ ಎಲ್ಲಿ ಹೋದರು, ಏನು ತಿಂದರು, ಏನು ಕಟ್ಟಿದರು ಎಂಬ ಪ್ರಶ್ನೆಗೆ ಅರಮನೆಗಳಲ್ಲಿ ಉತ್ತರವಿಲ್ಲ. ಉತ್ತರ ಬೇಕಿದ್ದವರು ಮಾರುಕಟ್ಟೆಗೆ ಬರಬೇಕು.

ಧಾರ್ಮಿಕ ಲೇಖನದಲ್ಲಿ ಮಾರುಕಟ್ಟೆಯ ಶಿಫಾರಸೇ ಎಂದು ಕೆಲವರು ಹುಬ್ಬೇರಿಸಬಹುದು. ಅಲ್ಲಾಹನಿಗೆ ಮಸೀದಿಗಳು ಅತ್ಯಂತ ಪ್ರಿಯವಾದ ಸ್ಥಳಗಳೆಂದೂ ಮಾರುಕಟ್ಟೆಗಳು ಅತ್ಯಂತ ಅಪ್ರಿಯವಾದವೆಂದೂ ತಿಳಿಸುವ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿರುವುದು ನಿಜ. ವಿದ್ವಾಂಸರು ಅದಕ್ಕೆ ಕೊಟ್ಟಿರುವ ವಿವರಣೆಯನ್ನೂ ಜೊತೆಗೇ ಓದಬೇಕು: ಮೋಸ, ಸುಳ್ಳಾಣೆ, ಬಡ್ಡಿ, ಅಲ್ಲಾಹನ ಸ್ಮರಣೆಯ ಮರೆವು ಇವು ಅಲ್ಲಿ ಸುಲಭವಾಗಿ ನಡೆಯುತ್ತವೆ ಎಂಬುದೇ ಆ ಅಪ್ರಿಯತೆಗೆ ಕಾರಣ. ಹಾಗೆಂದು ಪ್ರವಾದಿವರ್ಯರು(ಸ) ಮಾರುಕಟ್ಟೆಯಿಂದ ದೂರ ಉಳಿದವರಲ್ಲ. ಊಟ ಮಾಡುವ, ಮಾರುಕಟ್ಟೆಗಳಲ್ಲಿ ನಡೆದಾಡುವ ಇವನೆಂಥ ಸಂದೇಶವಾಹಕ ಎಂದು ಸತ್ಯನಿಷೇಧಿಗಳು ಹೀಯಾಳಿಸಿದ್ದನ್ನು ಸೂರಃ ಅಲ್ ಫುರ್ಕಾನ್ ದಾಖಲಿಸಿದೆ. ಹಿಂದಿನ ಪ್ರವಾದಿಗಳೂ ಹಾಗೆಯೇ ಊಟ ಮಾಡುತ್ತಿದ್ದರು, ಮಾರುಕಟ್ಟೆಗಳಲ್ಲಿ ಓಡಾಡುತ್ತಿದ್ದರು ಎಂದು ಅದೇ ಅಧ್ಯಾಯ ಉತ್ತರಿಸಿದೆ. ಧಾನ್ಯದ ರಾಶಿಯೊಳಗೆ ಕೈ ತೂರಿಸಿ ಅಡಿಯ ತೇವವನ್ನು ಪತ್ತೆ ಹಚ್ಚಿ, ವಂಚಿಸುವವನು ನಮ್ಮವನಲ್ಲ ಎಂದು ಅವರು ಎಚ್ಚರಿಸಿದ್ದು ಮಾರುಕಟ್ಟೆಯಲ್ಲಿಯೇ. ಮಕ್ಕಾದಿಂದ ಬರಿಗೈಯಲ್ಲಿ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರಿಗೆ ಮದೀನಾದ ಸಹೋದರ ಸಅದ್ ಬಿನ್ ರಬೀಅ್(ರ) ತಮ್ಮ ಆಸ್ತಿಯ ಅರ್ಧವನ್ನೇ ಕೊಡಲು ಮುಂದಾದಾಗ ಅವರು ಕೇಳಿದ್ದು ಮಾರುಕಟ್ಟೆಯ ದಾರಿಯನ್ನು. ಹೋದರು, ಗಿಣ್ಣು ಮತ್ತು ತುಪ್ಪದ ವ್ಯಾಪಾರ ಮಾಡಿದರು, ಸ್ವಂತ ಕಾಲ ಮೇಲೆ ನಿಂತರು.

ಈಗ ಶಿವಾಜಿನಗರಕ್ಕೆ ಬರೋಣ. ಶ್ರೀರಂಗಪಟ್ಟಣ ಪತನವಾಗಿ ಹತ್ತು ವರ್ಷಗಳ ನಂತರ, 1809ರಲ್ಲಿ, ಬ್ರಿಟಿಷರು ತಮ್ಮ ಸೇನೆಯನ್ನು ಅಲ್ಲಿಂದ ಬೆಂಗಳೂರಿಗೆ ತಂದು ಹಲಸೂರಿನ ಸುತ್ತ ನೆಲೆಗೊಳಿಸಿದರು. ಜನ ಅದನ್ನು ದಂಡು ಎಂದರು. ಸೇನೆ ಬಂದ ಮೇಲೆ ಅದಕ್ಕೆ ಅಕ್ಕಿ, ಮಾಂಸ, ತರಕಾರಿ, ಕುದುರೆಗೆ ಹುಲ್ಲು, ಬಟ್ಟೆ ಹೊಲಿಯುವವರು, ಲಾಳ ಕಟ್ಟುವವರು ಎಲ್ಲರೂ ಬೇಕಾದರು. ಮದ್ರಾಸ್ ಸೇನೆಯ ಬೆನ್ನಿಗೆ ತಮಿಳು ಮಾತಾಡುವವರು ಬಂದರು. ದಖನಿ ಮಾತಾಡುವ ಮುಸ್ಲಿಮರು ಬಂದರು. ದೂರದ ಕಛ್‌ನಿಂದ ಮೇಮನ್ ವರ್ತಕರು ಬಂದರು. ಇಂದಿನ ಶಿವಾಜಿನಗರವನ್ನು ಆಗ ಬ್ಲ್ಯಾಕ್‌ಪಳ್ಳಿ ಎಂದು ಕರೆಯುತ್ತಿದ್ದರು. ಬಿಳಿ ಅಕ್ಕಿ ಬೆಳೆಯುತ್ತಿದ್ದ ಹಳ್ಳಿಯೆಂಬ ಅರ್ಥದ ಹೆಸರೇ ಇಂಗ್ಲಿಷರ ನಾಲಗೆಯಲ್ಲಿ ಹಾಗಾಯಿತೆಂದು ಹೇಳುವುದುಂಟು. ಬಿಳಿಯದು ಕಪ್ಪಾದ ಈ ಕಥೆ ನಿಜವಾಗಿದ್ದರೆ ತಮಾಷೆಯದೇ ಸರಿ.

ಹೀಗೆ ಒಂದೇ ಊರಿನಲ್ಲಿ ಎರಡು ಊರುಗಳಾದವು. ಪಶ್ಚಿಮಕ್ಕೆ ಕೆಂಪೇಗೌಡರ ಪೇಟೆ, ಪೂರ್ವಕ್ಕೆ ದಂಡು. 1862ರಿಂದ ಇವೆರಡಕ್ಕೂ ಪ್ರತ್ಯೇಕ ಪೌರಾಡಳಿತಗಳಿದ್ದವು. 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಮರಳಿಸಿದಾಗಲೂ ದಂಡು ಪ್ರದೇಶವನ್ನು ಬ್ರಿಟಿಷರು ತಮ್ಮ ಕೈಯಲ್ಲೇ ಇಟ್ಟುಕೊಂಡರು. ಅದು ಮೈಸೂರಿಗೆ ಮರಳಿದ್ದು 1947ರ ಜುಲೈನಲ್ಲಿ. ಎರಡು ಪೌರಾಡಳಿತಗಳು ಸೇರಿ ಒಂದೇ ನಗರಸಭೆಯಾದದ್ದು 1949ರಲ್ಲಿ. ಬೆಂಗಳೂರಿನಲ್ಲಿ ಒಂದೇ ಕಾಲದ ಎರಡು ದೊಡ್ಡ ಹಳೆಯ ಮಾರುಕಟ್ಟೆಗಳು ಏಕೆ ಇವೆ ಎಂಬುದಕ್ಕೆ ಕಾರಣ ಇಲ್ಲಿದೆ. ಪೇಟೆಯ ಮಾರುಕಟ್ಟೆಗೆ ಮೈಸೂರಿನ ಮಹಾರಾಜರಾದ ಕೃಷ್ಣರಾಜೇಂದ್ರರ ಹೆಸರು ಬಂತು. ದಂಡಿನ ಮಾರುಕಟ್ಟೆಗೆ ಅಲ್ಲಿನ ಪೌರಾಡಳಿತದ ಆಯುಕ್ತ ಟಿ. ಬಿ. ರಸೆಲ್‌ನ ಹೆಸರು ಬಂತು. ಮುಂಬಯಿಯ ಕ್ರಾಫರ್ಡ್ ಮಾರುಕಟ್ಟೆ, ಕೋಲ್ಕತ್ತದ ಹಾಗ್ ಮಾರುಕಟ್ಟೆಗಳೂ ಹೀಗೆಯೇ ಪೌರಾಡಳಿತದ ಅಧಿಕಾರಿಗಳ ಹೆಸರು ಹೊತ್ತವು. ಮಾರಿದವರ ಹೆಸರು, ಕೊಂಡವರ ಹೆಸರು, ಕಲ್ಲು ಹೊತ್ತವರ ಹೆಸರು ಯಾವ ಫಲಕದ ಮೇಲೂ ಬರಲಿಲ್ಲ.

ರಸೆಲ್ ಮಾರುಕಟ್ಟೆಯ ಕಟ್ಟಡ 1927ರದು. ಕಮಾನುಗಳೂ ಗುಮ್ಮಟದ ಗೋಪುರಗಳೂ ಉಳ್ಳ ಈ ಶೈಲಿಯನ್ನು ಇಂಡೋ-ಸಾರ್ಸೆನಿಕ್ ಎನ್ನುತ್ತಾರೆ. ಸಾರ್ಸೆನ್ ಎಂಬುದು ಮಧ್ಯಯುಗದ ಯುರೋಪಿನವರು ಮುಸ್ಲಿಮರಿಗೆ ಇಟ್ಟಿದ್ದ ಹೆಸರು. ನಮ್ಮ ಮಸೀದಿ, ಮಕ್ಬರಾಗಳಲ್ಲಿದ್ದ ಕಮಾನನ್ನೂ ಮಿನಾರನ್ನೂ ನೋಡಿಕೊಂಡ ಇಂಗ್ಲಿಷ್ ಎಂಜಿನಿಯರರು ಅವನ್ನು ರೈಲು ನಿಲ್ದಾಣ, ನ್ಯಾಯಾಲಯ, ಮಾರುಕಟ್ಟೆಗಳಿಗೆ ತೊಡಿಸಿದರು. ಒಳಗೆ ಉದ್ದುದ್ದ ಸಾಲುಗಳು. ಹಣ್ಣು, ತರಕಾರಿ, ಹೂವು, ಒಣಹಣ್ಣು, ಮಾಂಸ, ಮೀನು ಎಂದು ಬೇರೆಬೇರೆ ಪಾಲು. 400ಕ್ಕೂ ಹೆಚ್ಚು ಅಂಗಡಿಗಳಿವೆ. ರಮಝಾನಿನಲ್ಲಿ ಖರ್ಜೂರದ ಅಂಗಡಿಗಳ ಮುಂದೆ ಕಾಲಿಡಲು ಜಾಗ ಸಿಗದು.

1933ರಲ್ಲಿ ಈ ಮಾರುಕಟ್ಟೆಯನ್ನು ಉದ್ಘಾಟಿಸಿದವರು ಹಾಜಿ ಸರ್ ಇಸ್ಮಾಯಿಲ್ ಸೇಠ್. ಪ್ರವಾಸಿ ಪುಸ್ತಕಗಳು ಅವರನ್ನು ಒಬ್ಬ ಉದ್ಯಮಿ ಎಂದು ಒಂದೇ ಪದದಲ್ಲಿ ಮುಗಿಸಿಬಿಡುತ್ತವೆ. ಅವರು ಕಛ್ಛಿ ಮೇಮನ್ ಸಮುದಾಯದ ವರ್ತಕರು. ದಂಡಿನ ವ್ಯಾಪಾರದಲ್ಲಿ ಬೆಳೆದು ಸರ್ ಪದವಿಯವರೆಗೆ ಏರಿದವರು. ಆ ಪದವಿ ಬ್ರಿಟಿಷರು ಕೊಟ್ಟದ್ದೆಂದು ಇಂದು ಮೂಗು ಮುರಿಯುವವರಿರಬಹುದು. ನಾವಾದರೋ ಒಬ್ಬ ವರ್ತಕನನ್ನು ಅವನು ಪಡೆದ ಬಿರುದಿನಿಂದ ಅಳೆಯುವುದಕ್ಕಿಂತ ಬಿಟ್ಟುಹೋದ ವಸ್ತುಗಳಿಂದ ಅಳೆಯುವುದು ನ್ಯಾಯವೆಂದು ತಿಳಿಯುತ್ತೇವೆ. ಅವರ ಹೆಸರಿನ ಮಸೀದಿ ಫ್ರೇಜರ್ ಟೌನಿನ ಮಾಸ್ಕ್ ರಸ್ತೆಯಲ್ಲಿದೆ. ಶಿವಾಜಿನಗರದಲ್ಲಿ ಅವರ ಹೆಸರಿನ ಗೋಷಾ ಆಸ್ಪತ್ರೆಯಿದೆ.

ಗೋಷಾ ಎಂಬ ಪದವನ್ನು ಇಂದಿನ ಮಕ್ಕಳು ಕೇಳಿರಲಿಕ್ಕಿಲ್ಲ. ಫಾರಸಿಯಲ್ಲಿ ಅದಕ್ಕೆ ಮೂಲೆ ಎಂದರ್ಥ. ಉರ್ದುವಿನಲ್ಲಿ ಪರ್ದಾದಲ್ಲಿರುವ ಸ್ತ್ರೀಯರನ್ನು ಕುರಿತು ಆ ಪದ ಬಳಕೆಯಾಯಿತು. ಪರಪುರುಷರ ಮುಂದೆ ಬರಲು ಹಿಂಜರಿದು, ಹೆರಿಗೆಯ ಸಂಕಟದಲ್ಲೂ ಆಸ್ಪತ್ರೆಯ ಮೆಟ್ಟಿಲು ಹತ್ತದ ತಾಯಂದಿರಿದ್ದ ಕಾಲವದು. ಅಂಥವರನ್ನು ಅಜ್ಞಾನಿಗಳೆಂದು ಜರೆಯುವುದು ಸುಲಭ. ಅವರ ಮರ್ಯಾದೆಗೂ ಭಂಗವಾಗದಂತೆ, ಜೀವಕ್ಕೂ ಅಪಾಯವಾಗದಂತೆ ಅವರಿಗೆಂದೇ ಒಂದು ಆಸ್ಪತ್ರೆ ಕಟ್ಟುವುದು ಕಷ್ಟದ ಕೆಲಸ. ಸೇಠರು ಆರಿಸಿಕೊಂಡದ್ದು ಅದನ್ನು. ಇಂದು ಅದು ಸರಕಾರಿ ಹೆರಿಗೆ ಆಸ್ಪತ್ರೆ. ಪರ್ದಾ ಧರಿಸುವ ಸ್ತ್ರೀಯರೂ ಧರಿಸದವರೂ, ಎಲ್ಲ ಜಾತಿ ಮತಗಳ ಬಡ ಗರ್ಭಿಣಿಯರೂ ಅಲ್ಲಿಗೆ ಬರುತ್ತಾರೆ. ಈ ನಗರದಲ್ಲಿ ಎಷ್ಟೋ ಜನರ ಜನನ ಪತ್ರದ ಮೇಲೆ ಆ ವರ್ತಕರ ಹೆಸರಿದೆ. ಅದು ಯಾರದೆಂದು ಅವರಲ್ಲಿ ಬಹುಮಂದಿಗೆ ತಿಳಿಯದು. ಸದಕಾ ಜಾರಿಯಾ ಎಂದು ಮದ್ರಸಗಳಲ್ಲಿ ನಾವು ಪಾಠ ಹೇಳುವಾಗ ದೂರದ ಊರುಗಳ ಉದಾಹರಣೆ ಹುಡುಕುವ ಅಗತ್ಯವೇನೂ ಇಲ್ಲ.

ವ್ಯಾಪಾರವೂ ಪುಣ್ಯಕಾರ್ಯವೂ ಒಂದೇ ಅಂಗಳದಲ್ಲಿ ಇರುವುದು ಮುಸ್ಲಿಮ್ ಲೋಕಕ್ಕೆ ಹೊಸತಲ್ಲ. ಇಸ್ತಾಂಬುಲಿನ ದೊಡ್ಡ ಬಜಾರು ಇಂದು ತುರ್ಕಿಗೆ ಹೋದವರೆಲ್ಲ ನೋಡುವ ಸ್ಥಳ. ಸುಲ್ತಾನ್ ಎರಡನೆಯ ಮೆಹ್ಮದ್ ಹದಿನೈದನೆಯ ಶತಮಾನದಲ್ಲಿ ಅದರ ಮೊದಲ ಕಟ್ಟಡವನ್ನು ಕಟ್ಟಿಸಿ, ಅದರ ಬಾಡಿಗೆಯನ್ನು ಆಯಾ ಸೋಫಿಯಾ ಮಸೀದಿಗೆ ವಕ್ಫ್ ಮಾಡಿದ. ಅಂಗಡಿಯ ಬಾಡಿಗೆಯಿಂದ ಮಸೀದಿಯ ದೀಪ ಉರಿಯುವುದು, ಮದ್ರಸದ ವಿದ್ಯಾರ್ಥಿಗೆ ಊಟ ಸಿಗುವುದು, ರೋಗಿಗೆ ಔಷಧ ಸಿಗುವುದು ದಮಾಸ್ಕಸ್, ಕೈರೋ, ಅಲೆಪ್ಪೊಗಳಲ್ಲೂ ನಡೆದುಬಂದ ಏರ್ಪಾಡು. ರಸೆಲ್ ಮಾರುಕಟ್ಟೆ ವಕ್ಫ್ ಅಲ್ಲ, ಪೌರಾಡಳಿತದ ಆಸ್ತಿ. ಆದರೂ ಆ ಹಳೆಯ ರೂಢಿಯ ನೆರಳು ಅದರ ಉದ್ಘಾಟಕರ ಬದುಕಿನಲ್ಲಿದೆ.

ಅಲೆಪ್ಪೊದ ಹೆಸರು ಬಂದದ್ದರಿಂದ ಒಂದು ದುಃಖದ ಹೋಲಿಕೆ ನೆನಪಾಗುತ್ತದೆ. ಶತಮಾನಗಳಷ್ಟು ಹಳೆಯದಾದ ಅಲೆಪ್ಪೊದ ಮುಚ್ಚುಬಜಾರು 2012ರ ಸೆಪ್ಟೆಂಬರಿನಲ್ಲಿ ಯುದ್ಧದ ಬೆಂಕಿಗೆ ಬಿದ್ದಿತು. ಅದೇ ವರ್ಷದ ಫೆಬ್ರವರಿ 25ರ ನಸುಕಿನಲ್ಲಿ ರಸೆಲ್ ಮಾರುಕಟ್ಟೆಗೂ ಬೆಂಕಿ ಬಿತ್ತು. ಇಲ್ಲಿ ಯುದ್ಧವಿರಲಿಲ್ಲ, ಆದರೂ ಬೆಳಗಾಗುವಷ್ಟರಲ್ಲಿ ನೂರಕ್ಕೂ ಹೆಚ್ಚು ಅಂಗಡಿಗಳು ಸುಟ್ಟುಹೋಗಿದ್ದವು. ದಿನದ ಸರಕನ್ನು ದಿನವೇ ಮಾರಿ ಬದುಕುವ ಹಣ್ಣಿನ ವ್ಯಾಪಾರಿಗೆ ಅದು ಎಂಥ ಬೆಳಗು ಎಂಬುದನ್ನು ಊಹಿಸಿಕೊಳ್ಳಬೇಕು. ವರ್ತಕರು ಎದೆಗುಂದಿ ಬಿಟ್ಟುಹೋಗಲಿಲ್ಲ. ತಾವೇ ಮುಂದೆ ನಿಂತು, ತಮ್ಮತಮ್ಮಲ್ಲಿ ಹಣ ಕೂಡಿಸಿ ದುರಸ್ತಿ ಮಾಡಿಕೊಂಡು ಅಂಗಡಿಗಳನ್ನು ತೆರೆದರು. ಆ ಬಳಿಕ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಮುಂದಿನ ಚೌಕವನ್ನು ಹೊಸದಾಗಿಸುವ ಕೆಲಸ ಕೈಗೆತ್ತಿಕೊಳ್ಳಲಾಯಿತು.

ಅಂಗಡಿ ಸುಟ್ಟಾಗ ಸರಕು ಮಾತ್ರ ಸುಡುವುದಿಲ್ಲ. ಸರಕನ್ನು ಮತ್ತೆ ತರಬಹುದು. ಅಜ್ಜನ ಕಾಲದ ಲೆಕ್ಕದ ಪುಸ್ತಕ, ಹಳೆಯ ಬಾಡಿಗೆ ಚೀಟಿ, ಗೋಡೆಯ ಮೇಲಿನ ಚಿತ್ರ ಮತ್ತೆ ಬರುವುದಿಲ್ಲ. ಅರಸರ ಚರಿತ್ರೆಗೆ ಶಾಸನಗಳಿವೆ, ದಫ್ತರಗಳಿವೆ, ಇಂಗ್ಲಿಷರು ಬರೆದ ದೊಡ್ಡ ದೊಡ್ಡ ಗ್ರಂಥಗಳಿವೆ. ಮಾಂಸದ ಅಂಗಡಿಯವರ, ಹೂವು ಕಟ್ಟುವವರ, ತಳ್ಳುಗಾಡಿಯವರ ಚರಿತ್ರೆಗೆ ಇರುವ ಆಧಾರ ಇಂಥ ಚೂರುಪಾರು ಕಾಗದ ಮತ್ತು ಹಿರಿಯರ ನೆನಪು. ಕನ್ನಡದಲ್ಲಂತೂ ಅದನ್ನು ಬರೆದವರು ತೀರ ವಿರಳ. ಶಿವಾಜಿನಗರದವರು ಉರ್ದು, ತಮಿಳು ಮಾತಾಡುವವರು, ಅವರಿಗೂ ಕನ್ನಡಕ್ಕೂ ಏನು ಸಂಬಂಧ ಎಂಬ ಉದಾಸೀನವೂ ಇದಕ್ಕೆ ಒಂದು ಕಾರಣವೆಂದು ನಮಗೆ ತೋರುತ್ತದೆ. ಕರಾವಳಿಯಲ್ಲಿ ಬ್ಯಾರಿ ಮನೆಮಾತಿನ ನಾವು, ಕಲಬುರಗಿಯಲ್ಲಿ ದಖನಿ ಮನೆಮಾತಿನ ನಾವು ಕನ್ನಡದಲ್ಲಿ ಓದಿ ಬರೆಯುತ್ತಿರುವಾಗ ಈ ಉದಾಸೀನಕ್ಕೆ ಅರ್ಥವಿಲ್ಲ.

ಮಾರುಕಟ್ಟೆಯ ಸುತ್ತಲಿನ ಬೀದಿಗಳ ಹೆಸರುಗಳೇ ಅರ್ಧ ಚರಿತ್ರೆ ಹೇಳುತ್ತವೆ. ಬ್ರಾಡ್‌ವೇ, ಚಾಂದಿನಿ ಚೌಕ್, ಮೀನಾಕ್ಷಿ ಕೋಯಿಲ್ ಬೀದಿ, ಇಬ್ರಾಹಿಂ ಸಾಹೇಬ್ ಸ್ಟ್ರೀಟ್: ಲಂಡನ್ನಿನವನಿಗೂ ದೆಹಲಿಯವನಿಗೂ ಮಧುರೆಯವನಿಗೂ ತನ್ನೂರಿನ ಹೆಸರು ಸಿಗುತ್ತದೆ. ಎದುರಿನಲ್ಲೇ ಸೇಂಟ್ ಮೇರಿ ಬೆಸಿಲಿಕಾದ ಎತ್ತರದ ಶಿಖರವಿದೆ. ಪ್ರತಿ ವರ್ಷ ಸೆಪ್ಟೆಂಬರ್ 8ರ ಹಬ್ಬಕ್ಕೆ ಅಲ್ಲಿ ಸಾವಿರಾರು ಜನ ಕಾವಿ ಬಟ್ಟೆ ಉಟ್ಟು ಸೇರುತ್ತಾರೆ. ಆ ದಿನಗಳಲ್ಲಿ ಮಾರುಕಟ್ಟೆಯ ಹೂವು ಅತ್ತ ಹೋಗುತ್ತದೆ. ರಮಝಾನಿನ ಸಂಜೆ ಅದೇ ಬೀದಿಗಳಲ್ಲಿ ಇಫ್ತಾರಿನ ಹಣ್ಣು, ಸಮೋಸಾಗಳ ಸಾಲು. ಮೀನಾಕ್ಷಿಯ ಗುಡಿಗೂ ಹೂವು ಹೋಗುವುದು ಇದೇ ಬುಟ್ಟಿಗಳಿಂದ. ಇದನ್ನು ಸೌಹಾರ್ದವೆಂದು ಭಾಷಣ ಮಾಡುವವರು ಅಲ್ಲಿ ಯಾರೂ ಇಲ್ಲ. ವ್ಯಾಪಾರ ನಡೆಯಬೇಕು, ಅಷ್ಟೇ.

ಕುಟುಂಬದೊಂದಿಗೆ ಹೋಗುವವರಿಗೆ ಒಂದೆರಡು ಮಾತು. ಬೆಳಗ್ಗೆ ಬೇಗ ಹೋದರೆ ಹೂವು, ತರಕಾರಿಗಳ ಭರಾಟೆ ಕಾಣುತ್ತದೆ. ಗದ್ದಲ ಬೇಡವೆನ್ನುವವರು ಮಧ್ಯಾಹ್ನದ ಹೊತ್ತನ್ನು ಆರಿಸಿಕೊಳ್ಳಲಿ. ವಾಹನವನ್ನು ದೂರದಲ್ಲೇ ನಿಲ್ಲಿಸಿ ನಡೆದು ಬರುವುದು ಲೇಸು. ಅಂಗಡಿಯವರ ಚಿತ್ರ ತೆಗೆಯುವ ಮುನ್ನ ಕೇಳಿರಿ. ಕಾಲು ಕಿಲೋ ಖರ್ಜೂರವನ್ನಾದರೂ ಕೊಂಡು ಕೇಳಿದರೆ ಇನ್ನೂ ಚೆನ್ನು. ತಕ್ಕಡಿ ಹಿಡಿದಿರುವಲ್ಲಿ ಮಕ್ಕಳನ್ನು ನಿಲ್ಲಿಸಿ, ಅಳತೆಯಲ್ಲಿ ಕಡಿಮೆ ಮಾಡುವವರನ್ನು ಎಚ್ಚರಿಸುತ್ತ ಆರಂಭವಾಗುವ ಸೂರಃ ಅಲ್ ಮುತಫ್ಫಿಫೀನನ್ನು ಅಲ್ಲೇ ವಿವರಿಸಿ ಹೇಳಿರಿ. ತರಗತಿಯಲ್ಲಿ ಹತ್ತು ಸಲ ಹೇಳಿದರೂ ಅಷ್ಟು ನಾಟದು. ಬಿಳಿಗಡ್ಡದ ಅಂಗಡಿಯವರು ಬಿಡುವಾಗಿದ್ದರೆ ಈ ಅಂಗಡಿ ನಿಮ್ಮ ಮನೆತನದಲ್ಲಿ ಎಷ್ಟನೆಯ ತಲೆಮಾರಿನದು, ನಿಮ್ಮ ತಾತ ಯಾವ ಊರಿನಿಂದ ಬಂದರು, 2012ರ ಬೆಂಕಿಯ ಬೆಳಗ್ಗೆ ನೀವೆಲ್ಲಿದ್ದಿರಿ ಎಂದು ವಿಚಾರಿಸಿರಿ. ಹೇಳಿದ್ದನ್ನು ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿರಿ. ಅಲ್ಲಿಂದ ಹೊರಟು ಗೋಷಾ ಆಸ್ಪತ್ರೆಯ ಮುಂದೆ ಹಾದುಹೋಗುವಾಗ ಅದರ ಹೆಸರನ್ನು ಮಕ್ಕಳಿಂದಲೇ ಓದಿಸಿರಿ.