ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ಲಬ್: ಎಂಟು ವರ್ಷಗಳ ಪ್ರಾಬಲ್ಯ ಮತ್ತು ನಿರ್ಗಮನ

ಕ್ರೀಡೆಯ ಚರಿತ್ರೆಯನ್ನು ನಮ್ಮಲ್ಲಿ ಬಹುಕಾಲ ದಾಖಲೆಗಳ ಪಟ್ಟಿಯೆಂದೇ ಭಾವಿಸಲಾಗಿದೆ. ಗೆದ್ದವರು ಯಾರು, ಸೋತವರು ಯಾರು ಎಂಬಲ್ಲಿಗೆ ವಿಚಾರ ಮುಗಿಯುತ್ತದೆ. ಆದರೆ ಒಂದು ಆಟ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಏಕೆ ಹೋಯಿತು ಎಂಬ ಪ್ರಶ್ನೆ ಸಾಮಾಜಿಕ ಇತಿಹಾಸಕ್ಕೆ ಸೇರಿದ್ದು. ಈ ದೃಷ್ಟಿಯಿಂದ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ಲಬ್ಬಿನ ವೃತ್ತಾಂತವು ಅಧ್ಯಯನಯೋಗ್ಯವಾಗಿದೆ. 1873ರಿಂದ 1880ರವರೆಗಿನ ಎಂಟು ವರ್ಷಗಳಲ್ಲಿ ಈ ವಿದ್ಯಾರ್ಥಿ ತಂಡವು ಇಂಗ್ಲೆಂಡಿನ ಅತ್ಯುನ್ನತ ಸ್ಪರ್ಧೆಯಾದ ಎಫ್.ಎ. ಕಪ್‌ನ ಅಂತಿಮ ಪಂದ್ಯವನ್ನು ನಾಲ್ಕು ಬಾರಿ ಆಡಿತು, ಒಮ್ಮೆ ಗೆದ್ದಿತು. 1880ರ ನಂತರ ಆ ಸ್ಪರ್ಧೆಗೆ ಮರಳಲಿಲ್ಲ. ವೃತ್ತಿಪರ ಆಟಗಾರರು ಬಂದು ವಿದ್ಯಾರ್ಥಿಗಳನ್ನು ಹೊರದೂಡಿದರೆಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಕಾಲಾನುಕ್ರಮವನ್ನು ಪರಿಶೀಲಿಸಿದರೆ ಈ ವಿವರಣೆ ನಿಲ್ಲುವುದಿಲ್ಲ.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿನ ಪ್ರತಿಯೊಂದು ಪಬ್ಲಿಕ್ ಶಾಲೆಗೂ ತನ್ನದೇ ಆದ ಫುಟ್‌ಬಾಲ್ ಇತ್ತು. ಒಂದು ಶಾಲೆಯಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದಾಗಿತ್ತು, ಮತ್ತೊಂದರಲ್ಲಿ ಅದು ಅಪರಾಧವಾಗಿತ್ತು. ಈ ಶಾಲೆಗಳ ಹುಡುಗರು ಒಂದೆಡೆ ಸೇರುತ್ತಿದ್ದುದು ವಿಶ್ವವಿದ್ಯಾಲಯಗಳಲ್ಲಿ. ಆದುದರಿಂದ ಸಮಾನ ನಿಯಮಗಳ ಅಗತ್ಯವು ಮೊದಲು ಕಾಣಿಸಿಕೊಂಡದ್ದೂ ಅಲ್ಲಿಯೇ. 1848ರಲ್ಲಿ ಕೇಂಬ್ರಿಜ್‌ನ ವಿದ್ಯಾರ್ಥಿಗಳು ಒಂದು ನಿಯಮಾವಳಿಯನ್ನು ರೂಪಿಸಿದರು. 1863ರ ಅಕ್ಟೋಬರ್ 26ರಂದು ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪನೆಯಾದಾಗ, ಅದೇ ವರ್ಷ ಕೇಂಬ್ರಿಜ್‌ನಲ್ಲಿ ಸಿದ್ಧವಾಗಿದ್ದ ಹೊಸ ನಿಯಮಗಳು ಚರ್ಚೆಯ ಗತಿಯನ್ನೇ ಬದಲಿಸಿದವು. ನಿಯಮಗಳನ್ನು ಬರೆದ ಕೀರ್ತಿ ಹೀಗೆ ಕೇಂಬ್ರಿಜ್‌ಗೆ ಸಂದಿತು. ಕಪ್ ಮಾತ್ರ ಆಕ್ಸ್‌ಫರ್ಡಿನ ಪಾಲಾಯಿತು.

ಆಕ್ಸ್‌ಫರ್ಡಿನ ಕ್ಲಬ್ ಸ್ಥಾಪನೆಯಾದುದು 1871ರ ನವೆಂಬರಿನಲ್ಲಿ. ಅದೇ ವರ್ಷದ ಜುಲೈ 20ರಂದು ಚಾರ್ಲ್ಸ್ ಆಲ್ಕಾಕ್ ರಾಷ್ಟ್ರೀಯ ಕಪ್ ಸ್ಪರ್ಧೆಯ ಪ್ರಸ್ತಾಪವನ್ನು ಮಂಡಿಸಿದ್ದರು. ಆ ಕಾಲದ ವ್ಯವಸ್ಥೆಯಂತೆ ಹಿಂದಿನ ವರ್ಷದ ವಿಜೇತರು ನೇರವಾಗಿ ಅಂತಿಮ ಪಂದ್ಯವನ್ನೇ ಆಡುತ್ತಿದ್ದರು. ಹೀಗಾಗಿ 1873ರ ಮಾರ್ಚ್ 29ರಂದು ಲಿಲ್ಲಿ ಬ್ರಿಜ್ ಮೈದಾನದಲ್ಲಿ ಆಕ್ಸ್‌ಫರ್ಡ್ ತಂಡವು ವಾಂಡರರ್ಸ್ ತಂಡವನ್ನು ಎದುರಿಸಿತು. ಅದೇ ದಿನ ಥೇಮ್ಸ್ ನದಿಯಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ನಡುವಣ ದೋಣಿ ಸ್ಪರ್ಧೆ ಇದ್ದುದರಿಂದ ಪಂದ್ಯವನ್ನು ಬೆಳಿಗ್ಗೆಯೇ ಆಡಲಾಯಿತು. ಫುಟ್‌ಬಾಲಿನ ಸ್ಥಾನಮಾನ ಆಗ ಎಷ್ಟಿತ್ತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ. ಒಂದು ಗೋಲು ಹಿಂದೆ ಬಿದ್ದಿದ್ದ ಆಕ್ಸ್‌ಫರ್ಡ್ ತನ್ನ ಗೋಲ್‌ಕೀಪರನನ್ನೂ ಆಕ್ರಮಣಕ್ಕೆ ಕಳುಹಿಸಿ, ಕಾವಲಿಲ್ಲದ ಗೋಲಿಗೆ ಎರಡನೆಯ ಚೆಂಡನ್ನೂ ಬಿಟ್ಟುಕೊಟ್ಟಿತು.

ಮರುವರ್ಷ ಆಕ್ಸ್‌ಫರ್ಡ್ ಅದೇ ವಾಂಡರರ್ಸನ್ನು ಮರುಪಂದ್ಯದಲ್ಲಿ ಸೋಲಿಸಿ, ಸೆಮಿಫೈನಲ್‌ನಲ್ಲಿ ಕ್ಲಾಪಮ್ ರೋವರ್ಸನ್ನೂ ದಾಟಿ, 1874ರ ಮಾರ್ಚ್ 14ರಂದು ಕೆನ್ನಿಂಗ್ಟನ್ ಓವಲ್‌ನಲ್ಲಿ ರಾಯಲ್ ಇಂಜಿನಿಯರ್ಸ್ ತಂಡಕ್ಕೆ ಮುಖಾಮುಖಿಯಾಯಿತು. ಪ್ರೇಕ್ಷಕರ ಸಂಖ್ಯೆ ಸುಮಾರು 2,000. ಸೈನಿಕರ ತಂಡವು ಸಾಮಾನ್ಯವಾದುದಲ್ಲ. ಒಬ್ಬನೇ ಚೆಂಡನ್ನು ತಳ್ಳಿಕೊಂಡು ಮುನ್ನುಗ್ಗುವ ಪದ್ಧತಿಯ ಬದಲು ಪರಸ್ಪರ ಚೆಂಡು ನೀಡುವ ಹೊಂದಾಣಿಕೆಯ ಆಟವನ್ನು ಬೆಳೆಸಿದವರಲ್ಲಿ ಇವರು ಮೊದಲಿಗರು. ಈ ಪಂದ್ಯಕ್ಕೆಂದೇ ಎರಡು ವಾರ ವಿಶೇಷ ಅಭ್ಯಾಸವನ್ನೂ ಮಾಡಿದ್ದರು. ಆದರೂ ಮೊದಲ ಇಪ್ಪತ್ತು ನಿಮಿಷಗಳಲ್ಲಿಯೇ ಮ್ಯಾಕರ್ನೆಸ್ ಮತ್ತು ಪ್ಯಾಟನ್ ಗಳಿಸಿದ ಗೋಲುಗಳಿಂದ ಆಕ್ಸ್‌ಫರ್ಡ್ 2-0 ಅಂತರದಲ್ಲಿ ಜಯ ಗಳಿಸಿತು. ರಾಸನ್ ಸಹೋದರರಲ್ಲಿ ವಿಲಿಯಂ ಗೆದ್ದವರ ಕಡೆ, ಹರ್ಬರ್ಟ್ ಸೋತವರ ಕಡೆ ಆಡಿದ್ದರೆಂಬುದು ಆ ಸಮಾಜವು ಎಷ್ಟು ಚಿಕ್ಕದಾಗಿತ್ತೆಂಬುದನ್ನು ಸೂಚಿಸುತ್ತದೆ.

ಗೆದ್ದ ತಂಡದ ನಾಯಕ ಕತ್ಬರ್ಟ್ ಒಟ್ಟಾವೇ. 1872ರ ನವೆಂಬರ್ 30ರಂದು ಗ್ಲಾಸ್ಗೋದಲ್ಲಿ ಸ್ಕಾಟ್ಲೆಂಡ್ ವಿರುದ್ಧ ನಡೆದ ಪ್ರಥಮ ಅಂತರರಾಷ್ಟ್ರೀಯ ಪಂದ್ಯದಲ್ಲಿ ಇಂಗ್ಲೆಂಡಿನ ನಾಯಕನಾಗಿದ್ದವನೂ ಇವನೇ. ಫುಟ್‌ಬಾಲ್, ಕ್ರಿಕೆಟ್, ರ‍್ಯಾಕೆಟ್ಸ್, ಅಥ್ಲೆಟಿಕ್ಸ್ ಮತ್ತು ರಿಯಲ್ ಟೆನಿಸ್ ಎಂಬ ಐದು ಆಟಗಳಲ್ಲಿ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದ ಈತ ವಕೀಲನಾಗಿ, 1878ರಲ್ಲಿ ತನ್ನ 27ನೆಯ ವಯಸ್ಸಿನಲ್ಲಿಯೇ ತೀರಿಕೊಂಡ. ತಂಡದಲ್ಲಿ ಇತಿಹಾಸದ ಅಧ್ಯಾಪಕ ಆರ್ಥರ್ ಜಾನ್ಸನ್ ಕೂಡ ಇದ್ದರು. ರಾಬರ್ಟ್ ವೈಡಲ್ ಚೆಂಡಿನ ಮೇಲಿನ ಹಿಡಿತಕ್ಕೆ ಹೆಸರಾದವನು. ಗೋಲು ಗಳಿಸಿದ ತಂಡವೇ ಮತ್ತೆ ಆಟ ಆರಂಭಿಸುವ ಪದ್ಧತಿಯಿದ್ದ ಪಂದ್ಯವೊಂದರಲ್ಲಿ, ಎದುರಾಳಿಗಳು ಚೆಂಡನ್ನು ಮುಟ್ಟುವ ಮೊದಲೇ ಆತ ಸಾಲಾಗಿ ಮೂರು ಗೋಲು ಹೊಡೆದನೆಂಬ ಕಥೆಯಿದೆ. ಕಥೆ ಸ್ವಲ್ಪ ಬೆಳೆದಿರಲೂಬಹುದು.

ಪ್ರಾಸಂಗಿಕವಾಗಿ ಭಾರತದ ಓದುಗರಿಗೆ ಒಂದು ಮಾತು. 1873ರಲ್ಲಿ ಆಕ್ಸ್‌ಫರ್ಡಿನ ವಿರುದ್ಧ ವಾಂಡರರ್ಸ್ ಪರ ಆಡಿದ ಕೆನ್ಯನ್-ಸ್ಲೇನಿ, ಆಕ್ಸ್‌ಫರ್ಡಿನಲ್ಲೇ ಓದಿದವನು, ಹುಟ್ಟಿದ್ದು ರಾಜಕೋಟೆಯಲ್ಲಿ. 1874ರಲ್ಲಿ ಸೈನಿಕರ ಪರ ಆಡಿದ ರೆನ್ನಿ-ಟೇಲಿಯರ್ ಹುಟ್ಟಿದ್ದು ಮಸ್ಸೂರಿಯಲ್ಲಿ. 1873ರ ಮಾರ್ಚ್ 8ರ ಪಂದ್ಯದಲ್ಲಿ ಇಂಗ್ಲೆಂಡಿನ ಮೊತ್ತಮೊದಲ ಅಂತರರಾಷ್ಟ್ರೀಯ ಗೋಲನ್ನು ಮೊದಲನೆಯವನೂ ಸ್ಕಾಟ್ಲೆಂಡಿನ ಮೊದಲ ಗೋಲನ್ನು ಎರಡನೆಯವನೂ ಗಳಿಸಿದರು. ವಸಾಹತು ಆಡಳಿತದ ಕುಟುಂಬಗಳು, ಪಬ್ಲಿಕ್ ಶಾಲೆ, ವಿಶ್ವವಿದ್ಯಾಲಯ, ಸೈನ್ಯ ಇವು ಒಂದೇ ಸರಪಳಿಯ ಕೊಂಡಿಗಳಾಗಿದ್ದವು.

1875 ಮತ್ತು 1876ರಲ್ಲಿ ಆಕ್ಸ್‌ಫರ್ಡ್ ಸೆಮಿಫೈನಲ್‌ನಲ್ಲಿ ಸೋತಿತು. 1877ರ ಅಂತಿಮ ಪಂದ್ಯವು ಸಂಶೋಧಕರಿಗೆ ವಿಶೇಷ ಪಾಠವಾಗಿದೆ. ವಾಂಡರರ್ಸ್‌ನ ಗೋಲ್‌ಕೀಪರ್ ಆರ್ಥರ್ ಕಿನ್ನೇರ್ಡ್ ಚೆಂಡನ್ನು ಹಿಡಿದು ಗೋಲಿನ ಗೆರೆಯ ಹಿಂದೆ ಕಾಲಿಟ್ಟಿದ್ದರಿಂದ ಆಕ್ಸ್‌ಫರ್ಡಿಗೆ ಗೋಲು ದೊರೆಯಿತು. ಹೆಚ್ಚುವರಿ ಸಮಯದಲ್ಲಿ ವಾಂಡರರ್ಸ್ 2-1ರಿಂದ ಗೆದ್ದಿತು. ಬಳಿಕ ಕಿನ್ನೇರ್ಡ್ ತಾನು ಗೆರೆ ದಾಟಿರಲಿಲ್ಲವೆಂದು ವಾದಿಸಿದ. ಅಸೋಸಿಯೇಷನ್ನಿನಲ್ಲಿ ಪ್ರಭಾವಿಯಾಗಿದ್ದ ಆತನ ಮಾತಿಗೆ ಮನ್ನಣೆ ದೊರೆತು, ಗೋಲನ್ನೇ ಅಳಿಸಿ ಫಲಿತಾಂಶವನ್ನು 2-0 ಎಂದು ದಾಖಲಿಸಲಾಯಿತು. ಸಮಕಾಲೀನ ಪತ್ರಿಕಾ ವರದಿಗಳ ಆಧಾರದ ಮೇಲೆ 1980ರ ದಶಕದಲ್ಲಿ, ಅಂದರೆ ಸುಮಾರು ಒಂದು ಶತಮಾನದ ನಂತರ, ಗೋಲು ಮರಳಿ ದಾಖಲೆ ಸೇರಿತು. ಅಧಿಕೃತ ದಾಖಲೆಯೆಂದ ಮಾತ್ರಕ್ಕೆ ಅದು ಸತ್ಯವಾಗಬೇಕಿಲ್ಲವೆಂಬುದನ್ನು ಶಾಸನಗಳ ಅಧ್ಯಯನ ಮಾಡುವವರಿಗೆ ಹೇಳಬೇಕಾಗಿಲ್ಲ.

1880ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡವನ್ನು ಸೆಮಿಫೈನಲ್‌ನಲ್ಲಿ ಸೋಲಿಸಿ, ಅಂತಿಮ ಪಂದ್ಯದಲ್ಲಿ ಕ್ಲಾಪಮ್ ರೋವರ್ಸ್‌ಗೆ ಒಂದೇ ಗೋಲಿನಿಂದ ಸೋತ ಆಕ್ಸ್‌ಫರ್ಡ್ ಕಪ್ ಸ್ಪರ್ಧೆಯಿಂದ ಹೊರನಡೆಯಿತು. ಕಾರ್ಮಿಕರೇ ಬಹುಪಾಲು ಇದ್ದ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ತಂಡವು ಓಲ್ಡ್ ಇಟೋನಿಯನ್ಸನ್ನು ಸೋಲಿಸಿ ಕಪ್ಪನ್ನು ಉತ್ತರದ ಗಿರಣಿ ಪಟ್ಟಣಗಳಿಗೆ ಒಯ್ದದ್ದು 1883ರಲ್ಲಿ. ವೃತ್ತಿಪರತೆಗೆ ಅಧಿಕೃತ ಮಾನ್ಯತೆ ದೊರೆತದ್ದು 1885ರಲ್ಲಿ. ಅಂದಮೇಲೆ ಆಕ್ಸ್‌ಫರ್ಡ್ ನಿರ್ಗಮಿಸಿದ್ದು ಸೋಲಿಸಲ್ಪಟ್ಟಲ್ಲ. ಅಂತಿಮ ಪಂದ್ಯ ಆಡುವಷ್ಟು ಸಮರ್ಥವಾಗಿದ್ದಾಗಲೇ.

ಕಾರಣವನ್ನು ವಿಶ್ವವಿದ್ಯಾಲಯದ ರಚನೆಯಲ್ಲಿಯೇ ಹುಡುಕಬೇಕಾಗುತ್ತದೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ. ಆಕ್ಸ್‌ಫರ್ಡಿನ ಬೋಧನಾವಧಿ ಎಂಟೆಂಟು ವಾರಗಳದು; ಕಪ್ ಪಂದ್ಯಗಳು ರಜೆಯಲ್ಲಿಯೂ ಬರುತ್ತಿದ್ದವು. ಮೂರು ನಾಲ್ಕು ವರ್ಷಗಳಲ್ಲಿ ಇಡೀ ತಂಡವೇ ಬದಲಾಗುತ್ತಿತ್ತು. ಇದೇ ವೇಳೆಗೆ ಹಳೆಯ ವಿದ್ಯಾರ್ಥಿಗಳ ಕ್ಲಬ್ಬುಗಳು ಬಲಗೊಂಡು ಅದೇ ಆಟಗಾರರನ್ನು ಸೆಳೆದವು. 1877ರಲ್ಲಿ ಆಕ್ಸ್‌ಫರ್ಡ್ ಪರ ಅಂತಿಮ ಪಂದ್ಯ ಆಡಿದ ಎಡ್ವರ್ಡ್ ಪ್ಯಾರಿ 1881ರಲ್ಲಿ ಕಪ್ ಗೆದ್ದ ಓಲ್ಡ್ ಕಾರ್ತೂಸಿಯನ್ಸ್‌ನ ನಾಯಕನಾಗಿದ್ದ. ವಿಶ್ವವಿದ್ಯಾಲಯಕ್ಕೆ ಕಪ್‌ಗಿಂತ ಕೇಂಬ್ರಿಜ್ ವಿರುದ್ಧದ ವಾರ್ಷಿಕ ಪಂದ್ಯವೇ ಮುಖ್ಯವಾಯಿತು. ಅದರ ಮೊದಲ ಪಂದ್ಯ ನಡೆದದ್ದು 1874ರ ಮಾರ್ಚ್ 30ರಂದು, ಕಪ್ ಗೆದ್ದ ಹದಿನಾರು ದಿನಗಳ ಬಳಿಕ. ಆಕ್ಸ್‌ಫರ್ಡ್ 1-0ರಿಂದ ಗೆದ್ದಿತು. ಮುಂದೆ ಜಿ.ಓ. ಸ್ಮಿತ್‌ನಂತಹ ಪ್ರತಿಭಾವಂತರನ್ನು ಆಕ್ಸ್‌ಫರ್ಡ್ ನೀಡಿತಾದರೂ ಅವರ ಖ್ಯಾತಿ ಬೆಳೆದದ್ದು ಕೊರಿಂಥಿಯನ್ ಕ್ಲಬ್ ಮತ್ತು ಇಂಗ್ಲೆಂಡ್ ತಂಡಗಳಲ್ಲಿ.

ಈ ನಿಲುವಿಗೆ ಇಪ್ಪತ್ತನೆಯ ಶತಮಾನದ ಒಂದು ನಿದರ್ಶನ ಪುಷ್ಟಿ ಕೊಡುತ್ತದೆ. ರಸಾಯನಶಾಸ್ತ್ರಜ್ಞ ಹೆರಾಲ್ಡ್ ಥಾಂಪ್ಸನ್ನರ ಪ್ರಯತ್ನದಿಂದ 1948ರಲ್ಲಿ ಎರಡೂ ವಿಶ್ವವಿದ್ಯಾಲಯಗಳ ಆಟಗಾರರು ಸೇರಿ ಪೆಗಾಸಸ್ ಎಂಬ ಕ್ಲಬ್ ಕಟ್ಟಿದರು. ಓದು ಮುಗಿಸಿ ಹೊರಬಂದವರಿಗೆ ಒಂದೇ ವರ್ಷದ ಅವಕಾಶವೆಂಬ ಆರಂಭದ ನಿಯಮವನ್ನು ಕೈಬಿಟ್ಟಾಗ ತಂಡಕ್ಕೆ ಸ್ಥಿರತೆ ಬಂದಿತು. 1951ರಲ್ಲಿ ವೆಂಬ್ಲಿಯಲ್ಲಿ 1,00,000 ಪ್ರೇಕ್ಷಕರ ಮುಂದೆ ಬಿಷಪ್ ಆಕ್ಲೆಂಡ್ ತಂಡವನ್ನು 2-1ರಿಂದ ಸೋಲಿಸಿ ಅದು ಅಮೆಚೂರ್ ಕಪ್ ಗೆದ್ದಿತು. 1953ರಲ್ಲಿ ಮತ್ತೆ, 6-0ರಿಂದ. 1963ರಲ್ಲಿ ಆ ಕ್ಲಬ್ಬೂ ಮುಚ್ಚಿತು.

1874ರಲ್ಲಿ ಒಟ್ಟಾವೇಯ ತಂಡ ಗೆದ್ದ ಬೆಳ್ಳಿಯ ಕಪ್ ಈಗ ಇಲ್ಲ. 1895ರ ಸೆಪ್ಟೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ಅಂಗಡಿಯೊಂದರ ಕಿಟಕಿಯಿಂದ ಅದು ಕಳುವಾಗಿ ಮತ್ತೆ ಸಿಗಲಿಲ್ಲ. ಲಂಡನ್ನಿನ ಪ್ಯಾಡಿಂಗ್ಟನ್ ಸ್ಮಶಾನದಲ್ಲಿ ಗುರುತು ಅಳಿದುಹೋಗಿದ್ದ ನಾಯಕನ ಸಮಾಧಿಗೆ 2013ರಲ್ಲಿ ಹೊಸ ಶಿಲೆಯನ್ನು ನಿಲ್ಲಿಸಲಾಯಿತು.