ಅನ್ನದ ಪಂಕ್ತಿ, ವಿದ್ಯೆಯ ಪಂಕ್ತಿ

ಅರಳಗುಂಡಗಿಯಲ್ಲಿ 1746ರಲ್ಲಿ ಅವತರಿಸಿದ ಶ್ರೀ ಶರಣಬಸವೇಶ್ವರರು ಕಲಬುರಗಿಯಲ್ಲಿ ನೆಲೆಸಿ, ಹಸಿದು ಬಂದವರ ಕುಲವನ್ನು ವಿಚಾರಿಸದೆ ದಾಸೋಹವನ್ನು ನಡೆಯಿಸಿದರು. 1822ರಲ್ಲಿ ಅವರು ಲಿಂಗೈಕ್ಯರಾದ ತರುವಾಯವೂ ಆ ಪಂಕ್ತಿಯು ಮುರಿಯಲಿಲ್ಲ.

ವಿದ್ಯೆಯ ಪಂಕ್ತಿಯಾದರೋ ಹಾಗೆ ಎಲ್ಲರದಾಗಿರಲಿಲ್ಲ. ನಿಜಾಮರ ಆಳಿಕೆಯಲ್ಲಿ ಮೇಲಣ ತರಗತಿಗಳಿಗೆ ಉರ್ದುವೇ ಮಾಧ್ಯಮವಾಗಿದ್ದುದರಿಂದ, ಕನ್ನಡವಾಡುವ ಬಾಲಕನಿಗೆ ಶಾಲೆಯು ಪರಸ್ಥಳದಂತಿದ್ದಿತು. ಬಾಲಿಕೆಗಂತೂ ಅದರ ಹೊಸ್ತಿಲೇ ದೂರವಾಗಿದ್ದಿತು. ಆ ಆಳಿಕೆಯು 1948ರಲ್ಲಿ ಕೊನೆಗೊಳ್ಳುವುದಕ್ಕೆ 14 ವರ್ಷ ಮೊದಲೇ, 1934ರಲ್ಲಿ, ಸಂಸ್ಥಾನದ ಏಳನೆಯ ಪೀಠಾಧಿಪತಿಗಳಾದ ಪೂಜ್ಯ ದೊಡ್ಡಪ್ಪ ಅಪ್ಪನವರು ಕಲಬುರಗಿಯಲ್ಲಿ ಹೆಣ್ಣುಮಕ್ಕಳಿಗಾಗಿಯೇ ಶಾಲೆಯನ್ನು ತೆರೆದರು.

ಉಣ್ಣುವಲ್ಲಿ ಭೇದವೆಣಿಸದ ಮಠಕ್ಕೆ ಓದುವಲ್ಲಿಯೂ ಭೇದವು ಸಲ್ಲದೆಂಬುದು ಇದರಿಂದ ಸ್ಪಷ್ಟವಾಯಿತು. ಕಡೆಯ ಎಲೆಗೂ ಬಡಿಸುವ ತನಕ ದಾಸೋಹವು ಪೂರ್ಣವಾಗದು. ಶಾಲೆಗೂ ಇದೇ ನ್ಯಾಯವು.