ಭೋರ್ ಸೀಮೆಯ ಅತಿಥಿಯೂ ನೀರೂ

ಪುಣೆಯಿಂದ ಬೆಂಗಳೂರಿನತ್ತ ಸಾಗುವ ಹೆದ್ದಾರಿಯಲ್ಲಿ ಕಾತ್ರಜ ಘಾಟವನ್ನು ದಾಟಿ, ಕಾಪೂರಹೋಳದಲ್ಲಿ ಬಲಕ್ಕೆ ಹೊರಳಿದ ಪಥಿಕನು ಅಲ್ಪಕಾಲದಲ್ಲಿಯೇ ಸಹ್ಯಾದ್ರಿಯ ಮಡಿಲಿನ ಭೋರ್ ಪಟ್ಟಣವನ್ನು ಸೇರುವನು. ಛತ್ರಪತಿ ರಾಜಾರಾಮನಿಂದ ಸಚಿವಪದವಿಯನ್ನು ಪಡೆದ ಶಂಕರಾಜಿ ನಾರಾಯಣನ ವಂಶಜರು, ಪಂತ ಸಚಿವರೆಂಬ ಅಭಿಧಾನದಿಂದ, ಸಂಸ್ಥಾನವು 1948ನೆಯ ಮಾರ್ಚ್ 8ರಂದು ವಿಲೀನವಾಗುವ ತನಕ ಆಳಿದ ಊರು ಇದು. ಈ ನಾಡಿನ ಚರಿತ್ರೆಯನ್ನು ಬರೆದವರು ರೋಹಿಡಾ, ರಾಜಗಡ, ತೋರಣಾ ದುರ್ಗಗಳನ್ನೂ, ಶಿವಾಜಿಯು ಸ್ವರಾಜ್ಯದ ಪ್ರತಿಜ್ಞೆಗೈದನೆಂದು ಜನರು ನಂಬಿರುವ ರಾಯರೇಶ್ವರವನ್ನೂ ಕುರಿತು ಧಾರಾಳವಾಗಿ ಬರೆದಿದ್ದಾರೆ. ಆದರೆ ಆ ದುರ್ಗಗಳ ಬುಡದಲ್ಲಿ ಹಾದುಹೋದ ದಾರಿಕಾರರಿಗೆ ರಾತ್ರಿ ಕಳೆಯಲು ಠಾವನ್ನೂ ಕುಡಿಯಲು ನೀರನ್ನೂ ಕೊಟ್ಟವರ ವೃತ್ತಾಂತವು ಎಲ್ಲಿಯೂ ಒಟ್ಟಾಗಿ ದೊರೆಯುವುದಿಲ್ಲ. ಬೇಸಿಗೆಯ ಅತಿಥಿಗಳಿಗಾಗಿ ಮನೆಯನ್ನು ಸಜ್ಜುಗೊಳಿಸುವ ಕಾರ್ಯಕ್ಕೆ ಈ ಸೀಮೆಯಲ್ಲಿ ದೀರ್ಘವಾದ ಪೂರ್ವೇತಿಹಾಸವಿದೆಯೆಂದೂ, ಅದು ಬಹುಮಟ್ಟಿಗೆ ನೀರಿನ ಇತಿಹಾಸವೇ ಎಂದೂ ನನ್ನ ಎಣಿಕೆ.

ಇಲ್ಲಿಯ ಸಂವತ್ಸರವನ್ನು ಎರಡಾಗಿ ಸೀಳುವುದು ಮಳೆ. ಮೃಗಶಿರೆಯಿಂದ ಮೊದಲುಗೊಂಡು ಸುರಿಯುವ ವರ್ಷಧಾರೆಯಲ್ಲಿ, ಭೋರಿನಿಂದ ಮಹಾಡಕ್ಕೆ ಇಳಿಯುವ ವರಂಧಾ ಘಾಟದ ದಾರಿಯು ಗುಡ್ಡ ಕುಸಿದು ಅಪಾಯಕರವಾಗುವುದರಿಂದ, ಇಂದಿಗೂ ಆ ತಿಂಗಳುಗಳಲ್ಲಿ ಭಾರೀ ವಾಹನಗಳನ್ನು ಅಲ್ಲಿ ತಡೆಯುತ್ತಾರೆ. ಭತ್ತದ ಕೊಯ್ಲು ಮುಗಿದು, ಕೆಸರು ಆರಿ, ಹೋಳಿಯ ಬೆಂಕಿ ಆರುವ ಹೊತ್ತಿಗೆ ಸಂಚಾರದ ಋತು ಮೊದಲಾಗುತ್ತಿತ್ತು: ಕೊಂಕಣದ ಉಪ್ಪನ್ನು ಹೇರಿಕೊಂಡ ಎತ್ತುಗಳ ಸಾಲು, ಮದುವೆಯ ದಿಬ್ಬಣಗಳು, ಭೋರಿನ ರಾಜವಾಡೆಯ ರಾಮನವಮಿಯ ಉತ್ಸವಕ್ಕೆ ಬರುವ ಭಕ್ತಜನರು. ಆದರೆ ಕರಿಗಲ್ಲಿನ ಈ ಬೆಟ್ಟಗಳ ಮೇಲಣ ತೆಳುವಾದ ಮಣ್ಣು, ಎಷ್ಟೇ ಮಳೆ ಬಂದರೂ, ಅದನ್ನು ಬಹುಕಾಲ ಹಿಡಿದಿಡಲಾರದು; ಆದುದರಿಂದ ಚೈತ್ರ ವೈಶಾಖಗಳಲ್ಲಿ ಬಾವಿಯ ತಳ ಕಾಣುವ ಕಾಲವೂ ಅಂಗಳಕ್ಕೆ ಅತಿಥಿ ಬರುವ ಕಾಲವೂ ಒಂದೇ ಆಯಿತು.

ಗ್ರಾಮಕ್ಕೆ ಬಂದ ಪರಸ್ಥಳದವನು ದೇವಾಲಯದ ಪಡಸಾಲೆಯಲ್ಲಿಯೋ ಊರ ಚಾವಡಿಯಲ್ಲಿಯೋ ಇಳಿದುಕೊಳ್ಳುತ್ತಿದ್ದನು. ಬೇಸಿಗೆಯ ಮೊದಲಲ್ಲಿ ದಾರಿಯ ಬದಿಗೆ ಚಪ್ಪರ ಹಾಕಿ, ಹೊಸ ಮಡಕೆಗಳಲ್ಲಿ ತಣ್ಣೀರು ತುಂಬಿಟ್ಟು, ದಾರಿಕಾರರ ದಾಹವನ್ನು ತಣಿಸುವ ಪುಣ್ಯಕಾರ್ಯವು, ನಮ್ಮ ಶಾಸನಗಳಲ್ಲಿ ದತ್ತಿ ಪಡೆದ ಅರವಟ್ಟಿಗೆಯಂತೆಯೇ, ಪಾಣಪೋಯಿ ಎಂಬ ಹೆಸರಿನಲ್ಲಿ ಮಹಾರಾಷ್ಟ್ರದಲ್ಲಿಯೂ ನಡೆದುಬಂದಿದೆ. ಪುಣ್ಯವು ಧನಿಕನದಾದರೂ ಶ್ರಮವು ಆತನದಾಗಿರಲಿಲ್ಲ. ಮರಾಠಾ ಗ್ರಾಮವ್ಯವಸ್ಥೆಯಲ್ಲಿ ಪ್ರಯಾಣಿಕರಿಗೆ ನೀರು ತುಂಬುವುದು ಕೋಳಿ ಜಾತಿಯವರ ಪಾಲಿನ ಕೆಲಸ. ಸರಕಾರದ ಕಡೆಯಿಂದ ಬಂದವರಿಗೆ ದಾರಿ ತೋರಿಸುವುದು, ಸೌದೆ ಒದಗಿಸುವುದು, ಹೊರೆಯನ್ನು ಮುಂದಿನ ಊರಿನ ಗಡಿಯವರೆಗೆ ಹೊರುವುದು ಅಸ್ಪೃಶ್ಯರೆನಿಸಿದ ಮಹಾರರ ಪಾಲಿನ ವೇಠ್, ಎಂದರೆ ಬಿಟ್ಟಿ ಚಾಕರಿ. ಅತಿಥಿಯ ಗಂಟನ್ನು ಹೊತ್ತು ತಂದವನು ಅತಿಥಿಗೆ ನೀರು ಕೊಟ್ಟ ಬಾವಿಯ ಕಟ್ಟೆಯನ್ನು ಹತ್ತುವಂತಿರಲಿಲ್ಲ. ನಮ್ಮ ಹಿರಿಯರ ಆತಿಥ್ಯವನ್ನು ಹೊಗಳುವಾಗ ಈ ಮಾತನ್ನು ಬಿಟ್ಟುಬಿಡುವುದು ಅನ್ಯಾಯವೆಂದು ನಾನು ಭಾವಿಸುತ್ತೇನೆ. ಆ ಚಾಕರಿಯನ್ನು ಹೇರಿದ್ದ ವತನಗಳು, ಎಂದರೆ ವಂಶಪಾರಂಪರ್ಯದ ಗ್ರಾಮಸೇವೆಯ ಹಕ್ಕುಬಾಧ್ಯತೆಗಳು, ರದ್ದಾದದ್ದು 1958ರ ಕಾನೂನಿನಿಂದ.

ಇಂಗ್ಲಿಷರು ಬಂದ ಮೇಲೆ ಬೇಸಿಗೆಯ ಪ್ರಯಾಣಕ್ಕೆ ಬೇರೊಂದು ರೂಪ ಬಂದಿತು. 1829ರಲ್ಲಿ ಗವರ್ನರ್ ಮಾಲ್ಕಮನು ಸಾತಾರೆಯ ಪ್ರತಾಪಸಿಂಹ ಮಹಾರಾಜನಿಗೆ ಖಂಡಾಲಾ ಗ್ರಾಮವನ್ನು ಬಿಟ್ಟುಕೊಟ್ಟು ಮಹಾಬಳೇಶ್ವರವನ್ನು ಪಡೆದನು. ಮುಂದೆ ಮುಂಬಯಿ ಸರಕಾರವು ಏಪ್ರಿಲ್ ಮೇ ತಿಂಗಳುಗಳನ್ನು ಆ ಗಿರಿಶಿಖರದಲ್ಲಿಯೂ ಮಳೆಗಾಲವನ್ನು ಪುಣೆಯಲ್ಲಿಯೂ ಕಳೆಯುವ ಪದ್ಧತಿ ನೆಲೆಗೊಂಡು, ಭೋರಿನ ಪೂರ್ವಕ್ಕೆ ಶಿರವಳದ ಮೇಲೆ ಹಾಯುವ ರಸ್ತೆಯಲ್ಲಿ ಬಂಡಿಗಳ ಓಡಾಟ ಹೆಚ್ಚಿತು. ಇಂಥ ರಸ್ತೆಗಳ ಬದಿಗೆ ಎದ್ದ ಪ್ರವಾಸಿ ಬಂಗಲೆಗಳಲ್ಲಿ ಪುಣ್ಯಸಂಪಾದನೆಯ ಮಾತಿರಲಿಲ್ಲ. ಬಂದವನು ಪುಸ್ತಕದಲ್ಲಿ ಹೆಸರು ಬರೆಯಬೇಕು, ಬಾಡಿಗೆ ಕೊಡಬೇಕು. 24 ಗಂಟೆ ಕಳೆದವನು ಹೊಸಬನು ಬಂದಾಗ ಕೋಣೆಯನ್ನು ಬಿಡಬೇಕು. ಋತುವಿನ ಮೊದಲೇ ಗೋಡೆಗೆ ಸುಣ್ಣ ಬಳಿಸಿ, ಹಾಸಿಗೆಗಳನ್ನು ಬಿಸಿಲಿಗೆ ಹಾಕಿ, ಕೋಳಿಗಳನ್ನು ಕೂಡಿಟ್ಟು, ಹೊತ್ತಲ್ಲದ ಹೊತ್ತಿನಲ್ಲಿ ಬಂದವನಿಗೂ ಬಿಸಿನೀರು, ಊಟಗಳನ್ನು ಅಣಿಗೊಳಿಸುತ್ತಿದ್ದ ಖಾನಸಾಮನು ಇಂದಿನ ಅತಿಥಿಗೃಹದ ವೃತ್ತಿಯ ನಿಜವಾದ ಪೂರ್ವಜನು. ಅತಿಥಿಗಳ ಹೆಸರುಗಳು ಪುಸ್ತಕದಲ್ಲಿ ಉಳಿದವು. ಆತನ ಹೆಸರು ಉಳಿಯಲಿಲ್ಲ.

ಈ ಎರಡು ವ್ಯವಸ್ಥೆಗಳು ಮುಖಾಮುಖಿಯಾದದ್ದು, ವರಂಧಾ ಘಾಟವನ್ನು ಇಳಿದರೆ ಸಿಗುವ ಮಹಾಡದಲ್ಲಿ, 1927ರ ಮಾರ್ಚ್ ತಿಂಗಳಿನಲ್ಲಿ. ಅಲ್ಲಿ ಕೂಡಿದ ಅಸ್ಪೃಶ್ಯರ ಪರಿಷತ್ತಿನ ಪ್ರತಿನಿಧಿಗಳಿಗೆ, ಪುರಸಭೆಯು 1924ರಲ್ಲಿಯೇ ಚವದಾರ ಕೆರೆಯನ್ನು ಸರ್ವರಿಗೂ ತೆರೆದಿದೆಯೆಂದು ನಿರ್ಣಯಿಸಿದ್ದರೂ, ಕುಡಿಯುವ ನೀರನ್ನು 40 ರೂಪಾಯಿ ಕೊಟ್ಟು ಕೊಳ್ಳಬೇಕಾಯಿತು. ಮಾರ್ಚ್ 20ರಂದು ಡಾ. ಅಂಬೇಡ್ಕರರು ಆ ಕೆರೆಗೆ ಇಳಿದು ಬೊಗಸೆಯಲ್ಲಿ ನೀರು ಕುಡಿದರು. ಗಲಭೆಯೆದ್ದಾಗ ಅವರು ತಂಗಿದ್ದುದು ಸರಕಾರಿ ಬಂಗಲೆಯಲ್ಲಿ. ಬಾಡಿಗೆಯ ನಿಯಮವೊಂದನ್ನೇ ಬಲ್ಲ ಆ ಕಟ್ಟಡವು ಬಾಗಿಲು ತೆರೆದಿತ್ತು. ಧರ್ಮದ ಹೆಸರಿನ ಕೆರೆಯು ಮುಚ್ಚಿತ್ತು. ಅತಿಥಿಸತ್ಕಾರದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ದಿನವನ್ನು ನಾನು ಅರಿಯೆನು.

ಮರುವರ್ಷ, 1928ರಲ್ಲಿ, ಭೋರಿನ ಸಮೀಪದ ಯೇಳವಂಡಿ ನದಿಗೆ ಕಟ್ಟಿದ ಭಾಟಘರದ ದೊಡ್ಡ ಅಣೆಕಟ್ಟು ಪೂರ್ಣಗೊಂಡು, ಗವರ್ನರ್ ಲಾಯ್ಡನ ಹೆಸರನ್ನು ಧರಿಸಿತು. ಅದರ ನೀರು ನೀರಾ ಕಾಲುವೆಗಳ ಮೂಲಕ ಹರಿದು ಬಾರಾಮತಿ, ಇಂದಾಪುರ, ಫಲಟಣಗಳ ಬಯಲುಗಳಲ್ಲಿ ಕಬ್ಬನ್ನು ಬೆಳೆಸಿತು. ಕಣಿವೆಯ ಹೊಲಗಳೂ ಗುಡಿಗಳೂ ಮುಳುಗಿದವು. ಕಾಂಬರೆಯ ಶಿವಾಲಯವು ವರ್ಷದ ಬಹುಭಾಗ ನೀರಿನೊಳಗಿದ್ದು, ಕಡುಬೇಸಿಗೆಯಲ್ಲಿ ಜಲಾಶಯವು ಇಳಿದಾಗ ಮಾತ್ರ ಮೇಲೆ ಕಾಣಿಸಿಕೊಳ್ಳುವುದು. ಈಗ ಅದನ್ನು ನೋಡಲೆಂದೇ ಪ್ರವಾಸಿಗಳು ಬರುತ್ತಾರೆ.

ಇಂಥ ಅತಿಥಿಗಳನ್ನು ರೈತರ ಮನೆಗಳಲ್ಲಿ ಉಳಿಸಿಕೊಳ್ಳುವ ಕೃಷಿ ಪ್ರವಾಸೋದ್ಯಮವೆಂಬ ವೃತ್ತಿಯು ಕಾಲುವೆಯ ನೀರುಂಡ ಬಾರಾಮತಿಯಲ್ಲಿ 2005ರಲ್ಲಿಯೇ ಸಂಘಟಿತವಾಗಿ ಮೊದಲಾದದ್ದು ಸಹಜವೇ ಆಗಿದೆ. ರಾಜ್ಯ ಸರಕಾರವು 2020ರಲ್ಲಿ ಅದಕ್ಕೊಂದು ನೀತಿಯನ್ನು ರೂಪಿಸಿತು. ಭೋರಿನ ಜಲಾಶಯದ ದಂಡೆಗಳಲ್ಲಿಯೂ ಈಗ ರೈತರ ಮನೆಗಳು ಪುಣೆ ಮುಂಬಯಿಗಳ ಕುಟುಂಬಗಳಿಗಾಗಿ ತೆರೆದಿವೆ. ಶಾಲೆಗಳಿಗೆ ರಜೆ ಬೀಳುವ ಮೊದಲು ಗೃಹಿಣಿಯು ಹಪ್ಪಳ ಸಂಡಿಗೆಗಳನ್ನು ಒಣಗಿಸಿ, ಆಂಬೆಮೋಹರ ಅಕ್ಕಿಯನ್ನು ಹಸನು ಮಾಡಿ, ಮಾವಿನ ಪಾನಕವಾದ ಪನ್ಹೆಗೆ ಬೆಲ್ಲವನ್ನು ತೆಗೆದಿರಿಸುತ್ತಾಳೆ. ಪಿಠಲೆ ಭಾಕರಿಗಳಿಗೆ ಒಲೆಯೂ ಹಿಟ್ಟೂ ಸಿದ್ಧವಾಗುತ್ತವೆ. ಆದರೆ ಮೇಲಣ ಗುಡ್ಡದ ವಾಡಿಗಳಲ್ಲಿ ಅದೇ ತಿಂಗಳು ಹೆಂಗಸರು ನೀರಿನ ಟ್ಯಾಂಕರಿಗಾಗಿ ಕಾಯುತ್ತಿರುತ್ತಾರೆ. ಆದುದರಿಂದ ಇಲ್ಲಿ ಅತಿಥಿಗೃಹವನ್ನು ನಡೆಸಲು ಹೊರಟವನು ಕೋಣೆಗಳನ್ನು ಎಣಿಸುವ ಮೊದಲು ಬಾವಿಯ ಹೂಳನ್ನು ತೆಗೆಸಿ, ಅದರಲ್ಲಿ ವೈಶಾಖದ ಕೊನೆಗೆ ಎಷ್ಟು ನೀರು ನಿಲ್ಲುವುದೆಂಬುದನ್ನೂ, ಆ ನೀರಿನಲ್ಲಿ ನೆರೆಮನೆಯವರ ಪಾಲು ಎಷ್ಟೆಂಬುದನ್ನೂ ಅಳೆದುಕೊಂಡೇ ಬರುವವರಿಗೆ ಒಪ್ಪಿಗೆ ಹೇಳಬೇಕಾಗಿದೆ.